ಗಾಜಿನ ಎಳೆಯ ತುದಿಗೆ ಬೆಳ್ಳಿ

ಎಲ್ಲರಿಗೂ ನಮಸ್ಕಾರ. ಬೆಳಕು ಸಾಗಿಸುವ ಗಾಜಿನ ಎಳೆಯ, ಅಂದರೆ ಫೈಬರಿನ, ತುದಿಗೆ ಬೆಳ್ಳಿ ಕೂರಿಸಿ ಅತ್ಯಲ್ಪ ರಾಸಾಯನಿಕವನ್ನೂ ಪತ್ತೆ ಹಚ್ಚುವ ಪ್ರೋಬ್ ಮಾಡುವುದು ಹೇಗೆಂಬುದು ಇವತ್ತಿನ ಮಾತು. 1928ರಲ್ಲಿ ಕಲ್ಕತ್ತಾದಲ್ಲಿ ಸಿ.ವಿ. ರಾಮನ್ ರಾಮನ್ ಪರಿಣಾಮವನ್ನು ಕಂಡ ಕಥೆಯನ್ನು ಪ್ರತಿ ಫೆಬ್ರವರಿ 28ರಂದು ಕೇಳಿಯೇ ಇರುತ್ತೀರಿ, ಅದನ್ನು ಮತ್ತೆ ಹೇಳುವುದಿಲ್ಲ. ಇವತ್ತಿಗೆ ಬೇಕಾದದ್ದು ಇಷ್ಟು: ಅಣುವಿನಿಂದ ಚದುರುವ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಫೋಟಾನ್ ಮಾತ್ರ ಬಣ್ಣ ಬದಲಿಸಿಕೊಂಡು ಬರುತ್ತದೆ. ಆ ಬದಲಾವಣೆ ನೋಡಿ ಅಣು ಯಾವುದೆಂದು ಹೇಳಬಹುದು. ಆದರೆ ಕೋಟಿಗೊಂದು ಎಂದರೆ, ನೀರಿನಲ್ಲಿ ಅತ್ಯಲ್ಪ ಬೆರೆತ ಕೀಟನಾಶಕವನ್ನು ಹುಡುಕಲು ಏನೇನೂ ಸಾಲದು.

1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫ್ಲೈಷ್‌ಮನ್, ಹೆಂಡ್ರಾ, ಮೆಕ್‌ಕ್ವಿಲನ್ ಮೂವರೂ ತರಿತರಿಯಾದ ಬೆಳ್ಳಿಯ ಮೇಲೆ ಪಿರಿಡಿನ್ ಎಂಬ ರಾಸಾಯನಿಕದ ಅಣುವಿನ ರಾಮನ್ ಸಂಕೇತ, ಅಂದರೆ ಆ ಬಣ್ಣ ಬದಲಿಸಿದ ಬೆಳಕು, ಬಲವಾಗಿ ಬರುವುದನ್ನು ಕಂಡರು. ಮೇಲ್ಮೈ ವಿಸ್ತಾರ ಹೆಚ್ಚಿದ್ದರಿಂದ ಹೆಚ್ಚು ಅಣು ಅಂಟಿವೆ ಅಂದುಕೊಂಡರು. ಅಷ್ಟರಿಂದ ಲೆಕ್ಕ ಸರಿಹೋಗುವುದಿಲ್ಲ, ಒಂದೊಂದು ಅಣುವಿನ ಸಂಕೇತವೇ ಲಕ್ಷಪಟ್ಟು ಏರಿದೆ ಎಂದು 1977ರಲ್ಲಿ ಗೊತ್ತಾಯಿತು. ಬೆಳ್ಳಿಯ ಎಲೆಕ್ಟ್ರಾನುಗಳು ಬೆಳಕಿನ ಜೊತೆ ಒಟ್ಟಾಗಿ ತೊನೆದಾಡಿ, ಮೇಲ್ಮೈಯ ಹತ್ತಿರ ವಿದ್ಯುತ್ ಕ್ಷೇತ್ರವನ್ನು ಹಿಗ್ಗಿಸುತ್ತವೆ. ಇದೇ ಸರ್ಸ್ (SERS), ಅಂದರೆ ಮೇಲ್ಮೈಯಿಂದ ಬಲಗೊಂಡ ರಾಮನ್ ಚದುರುವಿಕೆ. ಈ ಬಲ ಕೆಲವೇ ನ್ಯಾನೊಮೀಟರ್ ದೂರದಲ್ಲಿ ಕರಗಿಹೋಗುತ್ತದೆ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಾದರಿಯನ್ನು ಉಪಕರಣದ ಬಳಿಗೆ ಒಯ್ಯುವ ಬದಲು ಬೆಳಕನ್ನೇ ಮಾದರಿಯ ಬಳಿಗೆ ಕಳಿಸುವುದು ಫೈಬರ್ ಪ್ರೋಬಿನ ಉದ್ದೇಶ. ತಯಾರಿಕೆ ಹೀಗೆ. ತಿರುಳು 105 ಮೈಕ್ರಾನ್, ಹೊರ ಗಾಜು ಸೇರಿ 125 ಮೈಕ್ರಾನ್ ಇರುವ ಸಿಲಿಕಾ ಫೈಬರ್ ತೆಗೆದುಕೊಳ್ಳಿ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಸುಲಿದು ಕ್ಲೀವರ್‌ನಲ್ಲಿ ಕತ್ತರಿಸಿ, 5, 3, 1, ಕೊನೆಗೆ 0.3 ಮೈಕ್ರಾನ್ ಪಾಲಿಶ್ ಹಾಳೆಗಳ ಮೇಲೆ ಎಂಟರ ಆಕಾರದಲ್ಲಿ ಉಜ್ಜಬೇಕು. ಸೂಕ್ಷ್ಮದರ್ಶಕದಲ್ಲಿ ಗೀರು ಕಂಡರೆ ಹಿಂದಿನ ಹಾಳೆಗೆ ಹೋಗಿ. ಇಲ್ಲಿ ಸೋಮಾರಿತನ ಮಾಡಿದರೆ ಮುಂದಿನ ಕೆಲಸವೆಲ್ಲ ದಂಡ.

ತುದಿ ಚೂಪಾಗಬೇಕೆಂದರೆ ಹೈಡ್ರೋಫ್ಲೋರಿಕ್ ಆಮ್ಲ. ಆಮ್ಲದ ಮೇಲೆ ಎಣ್ಣೆಯ ಪದರ ನಿಲ್ಲಿಸಿ ಫೈಬರನ್ನು ಇಳಿಬಿಟ್ಟರೆ, ಗಾಜು ಸವೆದಂತೆ ಅದನ್ನು ಹತ್ತಿ ನಿಂತ ಆಮ್ಲದ ಅಂಚೂ ಕೆಳಗಿಳಿಯುತ್ತ ಬಂದು ಶಂಕುವಿನ ಆಕಾರ ತಾನಾಗಿಯೇ ಮೂಡುತ್ತದೆ. ನೋಡಲು ಚೆಂದ, ಆದರೆ ಈ ಆಮ್ಲ ಚರ್ಮಕ್ಕೆ ತಗುಲಿದಾಗ ಮೊದಲು ನೋವೇ ಆಗದಿರಬಹುದು, ಒಳಗೆ ಮಾತ್ರ ಇಳಿಯುತ್ತಲೇ ಇರುತ್ತದೆ. ಇದರ ಸುಟ್ಟಗಾಯಕ್ಕೆ ಪ್ರಥಮ ಚಿಕಿತ್ಸೆಯಾದ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದ ಪ್ರಯೋಗಾಲಯದಲ್ಲಿ ಇದಕ್ಕೆ ಕೈಹಾಕಲೇಬೇಡಿ. ಚಪ್ಪಟೆ ತುದಿಯಿಂದಲೂ ಒಳ್ಳೆಯ ಪ್ರೋಬ್ ಆಗುತ್ತದೆ.

ಇನ್ನು ಬೆಳ್ಳಿ. ಲೀ ಮತ್ತು ಮೈಸೆಲ್ 1982ರಲ್ಲಿ ಕೊಟ್ಟ ಪಾಕ ಇಂದಿಗೂ ಚಾಲ್ತಿಯಲ್ಲಿದೆ: 500 ಮಿ.ಲೀ. ನೀರಿಗೆ 90 ಮಿ.ಗ್ರಾಂ. ಸಿಲ್ವರ್ ನೈಟ್ರೇಟ್, ಕುದಿ ಬಂದ ಮೇಲೆ ಶೇ. 1ರ ಸೋಡಿಯಂ ಸಿಟ್ರೇಟ್ 10 ಮಿ.ಲೀ., ಒಂದು ಗಂಟೆ ಕುದಿಸುವುದು. ಹಸಿರು ಮಿಶ್ರಿತ ಹಳದಿಯ ಕದಡಿದ ದ್ರವ ಸಿಗುತ್ತದೆ. ಗಾಜಿಗೆ ಕಚ್ಚಿ ಕೂರುವ, ಧನ ವಿದ್ಯುದಂಶದ ಅಮೈನ್ ಗುಂಪಿರುವ ಸಿಲೇನ್ ಎಂಬ ರಾಸಾಯನಿಕ ಲೇಪಿಸಿದ ತುದಿಯನ್ನು ಇದರಲ್ಲಿ ಅದ್ದಿಟ್ಟರೆ, ಋಣ ವಿದ್ಯುದಂಶದ ಕಣಗಳು ಬಂದು ಅಂಟುತ್ತವೆ. ನನಗೆ ಇಷ್ಟವಾದ ದಾರಿ ಬೇರೆ: ತುದಿಯನ್ನು ಸಿಲ್ವರ್ ನೈಟ್ರೇಟ್ ಮತ್ತು ಸಿಟ್ರೇಟ್ ದ್ರಾವಣದಲ್ಲಿ ಮುಳುಗಿಸಿ ಫೈಬರಿನ ಒಳಗಿನಿಂದಲೇ ಲೇಸರ್ ಬಿಡುವುದು. ಬೆಳಕು ಹೊರಬರುವ ಜಾಗದಲ್ಲೇ ಬೆಳ್ಳಿ ಕೂರುತ್ತದೆ. ಜಾಸ್ತಿ ಹೊತ್ತು ಬಿಟ್ಟಿರೋ, ಪದರ ದಪ್ಪವಾಗಿ ಬೆಳಕಿಗೇ ದಾರಿಯಿಲ್ಲ. ನಮ್ಮ ಲೇಸರ್ ಬೆಳ್ಳಿಯ ಬೆನ್ನಿನಿಂದ ಬರುತ್ತಿದೆಯಲ್ಲ, ಹೋಗುವಾಗಲೂ ಬರುವಾಗಲೂ ಆ ಪದರವನ್ನು ದಾಟಲೇಬೇಕು.

ಇಷ್ಟೆಲ್ಲ ಆದ ಮೇಲೆ ಮೊದಲು ಕಾಣುವ ಸಂಕೇತ ನಿಮ್ಮ ರಾಸಾಯನಿಕದ್ದಲ್ಲ, ಗಾಜಿನದು! ಫೈಬರಿನ ಉದ್ದಕ್ಕೂ ಸಿಲಿಕಾ ಕೂಡ ರಾಮನ್ ಬೆಳಕು ಚದುರಿಸುತ್ತದೆ. ಬೆಳಕಿನ ಬಣ್ಣ ಎಷ್ಟು ಸರಿದಿದೆ ಎಂಬುದರ ಅಳತೆಯಾದ ತರಂಗಸಂಖ್ಯೆಯಲ್ಲಿ 500ರ ಕೆಳಗೆ ದೊಡ್ಡ ದಿಬ್ಬ, 606 ಮತ್ತು 800ರ ಆಸುಪಾಸಿನಲ್ಲಿ ಇನ್ನಷ್ಟು. ಹಿನ್ನೆಲೆಯನ್ನು ಕಂಪ್ಯೂಟರಿನಲ್ಲಿ ಕಳೆದರಾಯಿತು ಅನ್ನುತ್ತಾರೆ. ದಿಬ್ಬ ಹೋಗುತ್ತದೆ, ಅದು ತಂದ ಏರಿಳಿತ ಉಳಿಯುತ್ತದೆ. ಫೈಬರನ್ನು ಗಿಡ್ಡ ಮಾಡಿ, ಇಲ್ಲವೇ ಕಳಿಸಲು ಒಂದು, ಹಿಡಿಯಲು ಇನ್ನೊಂದು ಫೈಬರ್ ಇಟ್ಟು ಮಧ್ಯೆ ಫಿಲ್ಟರ್ ಹಾಕಿ. ತಿರುಳು ಟೊಳ್ಳಾದ ಫೈಬರಿನಲ್ಲಿ ಬೆಳಕು ಬಹುಪಾಲು ಗಾಳಿಯಲ್ಲೇ ಸಾಗುವುದರಿಂದ ಈ ಕಾಟ ಕಡಿಮೆ.

ಒಂದು ತಕರಾರನ್ನು ಹೇಳದಿದ್ದರೆ ಸಮಾಧಾನವಿಲ್ಲ. ಎಷ್ಟೋ ಪ್ರಬಂಧಗಳು ರೋಡಮಿನ್ 6ಜಿ ಬಣ್ಣವನ್ನು ಪತ್ತೆ ಮಾಡಿ, ಇಷ್ಟು ಸಣ್ಣ ಪ್ರಮಾಣ ಹಿಡಿದೆವು ಎಂದು ಬೀಗುತ್ತವೆ. ಆ ಬಣ್ಣ ಬೆಳ್ಳಿಗೆ ತಾನಾಗಿ ಅಂಟುತ್ತದೆ, 532 ನ್ಯಾನೊಮೀಟರ್ ಹಸಿರು ಲೇಸರನ್ನು ಚೆನ್ನಾಗಿ ಹೀರುವುದರಿಂದ ಸಂಕೇತ ಇನ್ನಷ್ಟು ಏರುತ್ತದೆ. ಸುಲಭದ ಪರೀಕ್ಷೆ ಅದು. ಶಿಲೀಂಧ್ರನಾಶಕ ಥೈರಮ್ ಕೂಡ ಗಂಧಕದಿಂದಾಗಿ ಬೆಳ್ಳಿಯನ್ನು ಹಿಡಿದುಕೊಳ್ಳುತ್ತದೆ, 1380 ತರಂಗಸಂಖ್ಯೆಯ ಬಳಿ ಅದರ ಗುರುತು ಸ್ಪಷ್ಟ. ಹೊಗೆಯಲ್ಲೂ ಚೆಲ್ಲಿದ ತೈಲದಲ್ಲೂ ಇರುವ ಬಹುವಲಯ ಹೈಡ್ರೋಕಾರ್ಬನ್‌ಗಳು ಹಾಗಲ್ಲ, ಬೆಳ್ಳಿಯ ಹತ್ತಿರ ಸುಳಿಯುವುದೇ ಕಡಿಮೆ. ಅವು ಆ ಕೆಲವು ನ್ಯಾನೊಮೀಟರ್ ಒಳಗೆ ಬರಬೇಕಾದರೆ ಬೆಳ್ಳಿಯ ಮೇಲೆ ಗಂಧಕದ ತುದಿಯಿಂದ ಬೆಳ್ಳಿಗೆ ಅಂಟುವ, ನೀರೊಲ್ಲದ ಥಯಾಲ್ ಸರಪಣಿಗಳನ್ನು ಹೊದಿಸಬೇಕು.

ಆದ್ದರಿಂದ ಪ್ರೋಬ್ ಮಾಡಿದವರನ್ನು ನಾನು ಮೊದಲು ಕೇಳುವುದು, ಒಂದೇ ದಿನ ಮಾಡಿದ ಹತ್ತು ತುದಿಗಳು ಒಂದೇ ಉತ್ತರ ಕೊಡುತ್ತವೆಯೇ ಎಂದು. ಕಣಗಳ ನಡುವಿನ ಸಂದು ಸ್ವಲ್ಪ ಬದಲಾದರೂ ಸಂಕೇತ ಎಲ್ಲೆಲ್ಲಿಗೋ ಹೋಗುತ್ತದೆ. ಬೆಳ್ಳಿಯೋ ಗಾಳಿಯಲ್ಲಿ ಗಂಧಕ ಸಿಕ್ಕರೆ ಕಪ್ಪಾಗುವ ಜಾತಿ. ಚಿನ್ನ ಬಾಳುತ್ತದೆ, ಬಲ ಕಡಿಮೆ, ಲೇಸರೂ ಕೆಂಪಿನ ಕಡೆಗೆ ಸರಿಯಬೇಕು. ಹೊಲಕ್ಕೋ ಕೆರೆಗೋ ಒಯ್ಯುವವರು ತುದಿಯನ್ನು ಒಂದೇ ಸಲ ಬಳಸಿ ಬದಲಿಸುವಂತೆ ಮಾಡಿಕೊಳ್ಳಿ, ಪ್ರತಿ ತುದಿಯ ಮೇಲೂ ಗೊತ್ತಿರುವ ಒಂದು ಥಯಾಲನ್ನು ಅಳತೆಗೋಲಾಗಿ ಕೂರಿಸಿ. ಅದರ ಎತ್ತರಕ್ಕೆ ಹೋಲಿಸಿ ಉಳಿದದ್ದನ್ನು ಓದಿ. ಈಗ ನಿಮ್ಮ ಪ್ರಶ್ನೆಗಳು.