ಇನ್ನೊಂದು ಭೂಮಿಗಾಗಿ ಕಾಯುವುದು

ಕೇಳುಗರಿಗೆ ನಮಸ್ಕಾರ.

2012ರ ಜೂನ್ ತಿಂಗಳಲ್ಲಿ ಸೂರ್ಯನ ಮುಖದ ಮೇಲೆ ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆಯೊಂದು ಮೆಲ್ಲನೆ ಸರಿದುಹೋದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದು ಶುಕ್ರ ಸಂಕ್ರಮಣ. ಬಹುದೂರದ ನಕ್ಷತ್ರದ ಮುಂದೆ ಗ್ರಹವೊಂದು ಹೀಗೆಯೇ ಹಾದುಹೋದರೆ ಚುಕ್ಕೆ ನಮಗೆ ಕಾಣುವುದಿಲ್ಲ. ನಕ್ಷತ್ರದ ಬೆಳಕು ಒಂದಿಷ್ಟು ಕುಂದುತ್ತದೆ, ಅಷ್ಟೇ. ಆ ಕುಂದನ್ನು ಅಳೆದೇ ಖಗೋಳ ವಿಜ್ಞಾನಿಗಳು ಇಂದು ಹೆಚ್ಚಿನ ಅನ್ಯಗ್ರಹಗಳನ್ನು ಪತ್ತೆಹಚ್ಚುತ್ತಾರೆ.

ಎಷ್ಟು ಕುಂದುತ್ತದೆ? ಯಾರಾದರೂ ದೂರದಿಂದ ನಮ್ಮ ಸೂರ್ಯನನ್ನು ನೋಡುತ್ತಿದ್ದಾರೆ ಎಂದುಕೊಳ್ಳಿ. ಭೂಮಿ ಅಡ್ಡ ಬಂದಾಗ ಬೆಳಕಿನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 84 ಪಾಲು ಮರೆಯಾಗುತ್ತದೆ. ಅದೂ ಹೆಚ್ಚೆಂದರೆ 13 ಗಂಟೆಗಳ ಕಾಲ. ಮತ್ತೆ ನೋಡಲು ಒಂದು ವರ್ಷ ಕಾಯಬೇಕು. ಒಮ್ಮೆ ಕಂಡದ್ದನ್ನು ನಂಬುವಂತಿಲ್ಲ, ಕನಿಷ್ಠ ಮೂರು ಬಾರಿಯಾದರೂ ಕಾಣಬೇಕು. ಗ್ರಹದ ಕಕ್ಷೆ ನಕ್ಷತ್ರಕ್ಕೂ ನಮಗೂ ನಡುವೆ ಹಾದುಹೋಗುವಂತೆಯೂ ಇರಬೇಕು. ಆ ಭಾಗ್ಯ ಇಂಥ ಇನ್ನೂರು ಗ್ರಹಗಳಲ್ಲಿ ಒಂದಕ್ಕೆ.

2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ಆಕಾಶದ ಒಂದೇ ತುಣುಕಿನಲ್ಲಿದ್ದ ಸುಮಾರು ಒಂದೂವರೆ ಲಕ್ಷ ನಕ್ಷತ್ರಗಳನ್ನು ಎವೆಯಿಕ್ಕದಂತೆ ಕಾಯಿತು. ಆದರೆ ಸೂರ್ಯನಂಥ ನಕ್ಷತ್ರಗಳ ಬೆಳಕು ಎಣಿಸಿದ್ದಕ್ಕಿಂತ ಹೆಚ್ಚು ಹೊಯ್ದಾಡುತ್ತಿತ್ತು. ಆ ಹೊಯ್ದಾಟದ ನಡುವೆ ಭೂಮಿಯಂಥ ಗ್ರಹದ ಸುಳಿವನ್ನು ಹೆಕ್ಕಿ ತೆಗೆಯಲು ಇನ್ನಷ್ಟು ವರ್ಷಗಳು ಬೇಕಿದ್ದವು. 2013ರಲ್ಲಿ ನೌಕೆಯನ್ನು ಸ್ಥಿರವಾಗಿ ಹಿಡಿದಿದ್ದ ಚಕ್ರಗಳಲ್ಲಿ ಎರಡನೆಯದೂ ಕೆಟ್ಟು ಆ ಕಾವಲು ಅಲ್ಲಿಗೇ ನಿಂತಿತು. ಈ ಘಟನೆಯನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಂದು ನಮಗೆ ಗೊತ್ತಿರುವ ಅನ್ಯಗ್ರಹಗಳು ಆರು ಸಾವಿರ ದಾಟಿವೆ. ಆದರೂ ಭೂಮಿಯಷ್ಟೇ ಗಾತ್ರದ, ಸೂರ್ಯನಂಥದೇ ನಕ್ಷತ್ರವನ್ನು ವರ್ಷಕ್ಕೊಮ್ಮೆ ಸುತ್ತುವ ಗ್ರಹ ಒಂದೂ ಖಚಿತವಾಗಿ ದೃಢಪಟ್ಟಿಲ್ಲ.

ಹಾಗಾಗಿ ಕಣ್ಣು ಕೆಂಪು ಕುಬ್ಜಗಳೆಂಬ ಚಿಕ್ಕ, ಮಂದ ನಕ್ಷತ್ರಗಳತ್ತ ಹೊರಳಿತು. 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ಎಂಬ ಇಂಥ ನಕ್ಷತ್ರ ಗುರುಗ್ರಹಕ್ಕಿಂತ ತುಸುವೇ ದೊಡ್ಡದು. ಅದರ ಸುತ್ತ ಭೂಮಿಯ ಗಾತ್ರದ ಆಸುಪಾಸಿನ ಏಳು ಗ್ರಹಗಳಿವೆ. ನಕ್ಷತ್ರ ಚಿಕ್ಕದಾದಷ್ಟೂ ನೆರಳು ಎದ್ದು ಕಾಣುತ್ತದೆ. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಅಲ್ಲಿನ ಅತ್ಯಂತ ಒಳಗಿನ ಗ್ರಹದ ಶಾಖವನ್ನು ಅಳೆದಾಗ ದಟ್ಟ ವಾಯುಮಂಡಲದ ಸುಳಿವು ಸಿಗಲಿಲ್ಲ. ಹೊರಗಿನ ಗ್ರಹಗಳ ವಿಚಾರಣೆ ನಡೆದಿದೆ.

'ಎರಡನೇ ಭೂಮಿ ಪತ್ತೆ' ಎಂಬ ತಲೆಬರಹ ಕಂಡಾಗ ದಯವಿಟ್ಟು ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾವುದರಲ್ಲಿ ಭೂಮಿ? ಗಾತ್ರವೊಂದನ್ನೇ ಅಳೆದರೆ ಶುಕ್ರವೂ ಭೂಮಿಯ ಅವಳಿಯೇ. ಅಲ್ಲಿಯೋ ಸೀಸವೂ ಕರಗುವಷ್ಟು ಬಿಸಿ, ಸುಮಾರು 460 ಡಿಗ್ರಿ ಸೆಲ್ಸಿಯಸ್.

ಯುರೋಪಿನ ಪ್ಲೇಟೋ ನೌಕೆಗೆ 26 ಕ್ಯಾಮೆರಾಗಳನ್ನು ಜೋಡಿಸಿರುವುದು ಸೂರ್ಯನಂಥ ಪ್ರಕಾಶಮಾನ ನಕ್ಷತ್ರಗಳನ್ನು ಮತ್ತೆ ಕೆಪ್ಲರ್‌ನಂತೆಯೇ ದೀರ್ಘಕಾಲ ದಿಟ್ಟಿಸುವುದಕ್ಕೆ. ನೆರಳು ಸಿಕ್ಕ ಮೇಲೆ ಗ್ರಹವನ್ನು ತೂಗಬೇಕು. ಅದರ ಸೆಳೆತಕ್ಕೆ ನಕ್ಷತ್ರ ಎಷ್ಟು ಅಲುಗುತ್ತದೆಂದು ನೆಲದ ಮೇಲಿನ ದೂರದರ್ಶಕಗಳು ಅಳೆಯಬೇಕು. ನಮ್ಮ ಭೂಮಿ ಸೂರ್ಯನನ್ನು ಅಲುಗಿಸುವ ವೇಗ ಸೆಕೆಂಡಿಗೆ 9 ಸೆಂಟಿಮೀಟರ್. ಆಮೆಯ ನಡಿಗೆಯಷ್ಟು ನಿಧಾನದ ಆ ಅಲುಗಾಟವನ್ನು ಹಿಡಿಯಬಲ್ಲ ಉಪಕರಣಗಳಿಗಾಗಿ ವಿಜ್ಞಾನಿಗಳು ಈಗ ಹೆಣಗುತ್ತಿದ್ದಾರೆ.

ನಮಸ್ಕಾರ.