ಆ ಗೆಳೆತನದಲ್ಲಿ ಇನ್ನೊಬ್ಬನಿಗೆ ಸಿಕ್ಕಿದ್ದೇನು?

ಎಲ್ಲರಿಗೂ ನಮಸ್ಕಾರ. ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಹದಿಹರೆಯದವರ ಕಾದಂಬರಿಗಳ ವಿಷಯ ಬಂದಾಗ, ಕಪ್ಪು ಹುಡುಗನೊಬ್ಬ ಮತ್ತು ಬಿಳಿಯ ಹುಡುಗನೊಬ್ಬ ಯಾರೂ ಎಣಿಸದ ರೀತಿಯಲ್ಲಿ ಗೆಳೆಯರಾಗುವ ಕಥೆಗಳು ನನಗೆ ಅಷ್ಟಾಗಿ ಹಿಡಿಸುವುದಿಲ್ಲ ಎಂದು ಹೇಳಿದ್ದೆ. ಅಷ್ಟಕ್ಕೇ ಒಬ್ಬ ಕೇಳುಗರು ಸಿಟ್ಟಾಗಿ, ಇಂಥ ಮುದ್ದಾದ ಸ್ನೇಹದಲ್ಲೂ ಹುಳುಕು ಹುಡುಕುವ ನೀವು ಜೀವಮಾನದಲ್ಲಿ ಒಬ್ಬರ ಜೊತೆಗಾದರೂ ಸ್ನೇಹ ಮಾಡಿದ್ದೀರಾ ಎಂದು ಕೇಳಿ ಬರೆದಿದ್ದಾರೆ. ಮಾಡಿದ್ದೇನೆ, ಸ್ವಾಮಿ. ಮಾಡಿರುವುದರಿಂದಲೇ ಈ ಪ್ರಶ್ನೆ ಹುಟ್ಟಿದ್ದು: ಆ ಗೆಳೆತನದಲ್ಲಿ ಇನ್ನೊಬ್ಬನಿಗೆ ಸಿಕ್ಕಿದ್ದೇನು?

ಈ ಕಥೆಗಳ ಅಚ್ಚು ನಿಮಗೆ ಗೊತ್ತಿಲ್ಲದ್ದೇನಲ್ಲ. ಬಿಳಿಯ ಹುಡುಗ ಹೊಸ ಶಾಲೆಗೆ ಬರುತ್ತಾನೆ, ಕಪ್ಪು ಹುಡುಗನನ್ನು ಕಂಡು ಮೊದಲು ಹಿಂಜರಿಯುತ್ತಾನೆ, ಆಮೇಲೆ ಒಂದು ಚೆಂಡೋ ಒಂದು ನಾಯಿಮರಿಯೋ ಅವರನ್ನು ಹತ್ತಿರ ತರುತ್ತದೆ, ಮಧ್ಯದಲ್ಲೆಲ್ಲೋ ಪೊಲೀಸರು ಕಪ್ಪು ಹುಡುಗನನ್ನು ನೆಲಕ್ಕೆ ಕೆಡವುತ್ತಾರೆ, ಕೊನೆಯ ಅಧ್ಯಾಯದಲ್ಲಿ ಬಿಳಿಯ ಹುಡುಗ ಊಟದ ಮೇಜಿನ ಮುಂದೆ ಎದ್ದು ನಿಂತು ತನ್ನ ತಂದೆಗೆ ಎದುರುತ್ತರ ಕೊಡುತ್ತಾನೆ. ನಾವು ಕಣ್ಣೊರೆಸಿಕೊಂಡು ಪುಸ್ತಕ ಮುಚ್ಚುತ್ತೇವೆ. ನಾನೂ ಒರೆಸಿಕೊಂಡವನೇ, ಸುಳ್ಳು ಹೇಳುವುದಿಲ್ಲ. ಆದರೆ ಪಾಠ ಕಲಿತವನು ಒಬ್ಬ, ಆ ಪಾಠಕ್ಕಾಗಿ ಪೆಟ್ಟು ತಿಂದವನು ಇನ್ನೊಬ್ಬ ಎಂಬುದು ಕಣ್ಣೀರು ಆರಿದ ಮೇಲೆ ಹೊಳೆಯುತ್ತದೆ.

ಇದು ಹೊಸ ಚಾಳಿಯಲ್ಲ. 1884ರಲ್ಲಿ ಇಂಗ್ಲೆಂಡಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಪ್ರಕಟವಾದ ಮಾರ್ಕ್ ಟ್ವೇನ್‌ನ ಹಕಲ್‌ಬೆರಿ ಫಿನ್ ಕಥೆಯನ್ನೇ ತೆಗೆದುಕೊಳ್ಳಿ. ತೆಪ್ಪದ ಮೇಲೆ ಬಿಳಿಯ ಹುಡುಗ ಹಕ್ ಮತ್ತು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕಪ್ಪು ಮನುಷ್ಯ ಜಿಮ್ ನಡುವೆ ಬೆಳೆಯುವ ನಂಟು ನಿಜಕ್ಕೂ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೊನೆಗೆ ಹಕ್‌ನ ಗೆಳೆಯ ಟಾಮ್ ಸಾಯರ್ ಬಂದು, ಜಿಮ್‌ಗೆ ಆಗಲೇ ಬಿಡುಗಡೆಯಾಗಿದೆ ಎಂದು ತನಗೆ ಗೊತ್ತಿದ್ದರೂ ಬಾಯಿ ಬಿಡದೆ, ಅವನನ್ನು ಗುಡಿಸಲಿನಲ್ಲಿ ಕೂಡಿಟ್ಟಿರುವಾಗಲೇ ಬಿಡಿಸುವ ಆಟ ಆಡುತ್ತಾನೆ. ಟಾಮ್‌ಗೆ ಗುಂಡೇಟು ಬಿದ್ದಾಗ ಜಿಮ್ ತಪ್ಪಿಸಿಕೊಂಡು ಹೋಗದೆ ಅವನ ಶುಶ್ರೂಷೆಗೆ ನಿಲ್ಲುತ್ತಾನೆ. ಇಷ್ಟೆಲ್ಲ ತಾಳ್ಮೆಯಿಂದ ಕೈದಿಯಾಗಿದ್ದುದಕ್ಕೆ ಜಿಮ್‌ಗೆ ಟಾಮ್ ಕೊಡುವುದು 40 ಡಾಲರ್. ಇನ್ನೊಬ್ಬನಿಗೆ ಸಿಕ್ಕಿದ್ದೇನು ಎಂಬ ನನ್ನ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಕೊಟ್ಟ ಕಾದಂಬರಿ ಇದೊಂದೇ ಇರಬೇಕು.

ಕಪ್ಪು ಪಾತ್ರಗಳು ಪುಸ್ತಕದಲ್ಲಿ ಇದ್ದವಲ್ಲ, ಅದಕ್ಕೇ ಸಂತೋಷಪಡಿ ಎನ್ನುವವರೂ ಇದ್ದಾರೆ. ಇದ್ದದ್ದು ಎಷ್ಟು ಗೊತ್ತೇ? ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ 1965ರಲ್ಲಿ ಬರೆದ ಲೇಖನವೊಂದರಲ್ಲಿ, ಹಿಂದಿನ ಮೂರು ವರ್ಷಗಳಲ್ಲಿ ಅಮೆರಿಕದಲ್ಲಿ ಪ್ರಕಟವಾದ 5,000ಕ್ಕೂ ಹೆಚ್ಚು ಮಕ್ಕಳ ಪುಸ್ತಕಗಳ ಲೆಕ್ಕ ಕೊಟ್ಟರು. ಒಬ್ಬನಾದರೂ ಕಪ್ಪು ಮನುಷ್ಯ ಕಾಣಿಸಿಕೊಂಡ ಪುಸ್ತಕಗಳು ಶೇಕಡಾ 6.7 ಮಾತ್ರ. ಇಪ್ಪತ್ತೈದು ವರ್ಷಗಳ ನಂತರ, 1990ರಲ್ಲಿ, ಮಕ್ಕಳ ಸಾಹಿತ್ಯದ ವಿದ್ವಾಂಸೆ ರೂಡಿನ್ ಸಿಮ್ಸ್ ಬಿಷಪ್ ಅವರು ಮಕ್ಕಳಿಗೆ ಪುಸ್ತಕವು ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂದರು: ತನ್ನನ್ನು ಕಂಡುಕೊಳ್ಳಲು ಒಂದು, ಬೇರೆಯವರ ಬದುಕನ್ನು ನೋಡಲು ಇನ್ನೊಂದು. ಈ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ ನಾನು ಹೇಳುತ್ತಿರುವ ಗೆಳೆತನದ ಕಥೆಗಳಲ್ಲಿ ಬಿಳಿಯ ಓದುಗನಿಗೆ ಕನ್ನಡಿಯೂ ಸಿಗುತ್ತದೆ, ಕಿಟಕಿಯೂ ಸಿಗುತ್ತದೆ. ಕಪ್ಪು ಹುಡುಗ ಆ ಕಿಟಕಿಯ ಗಾಜಾಗಿ ನಿಂತಿರುತ್ತಾನೆ. (ಈ ಮಾತು ಇಷ್ಟವಾಗಿದ್ದರೆ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ. ಇಷ್ಟವಾಗದಿದ್ದರೂ ಆಗಿ, ಬೈಯಲು ಅನುಕೂಲವಾಗುತ್ತದೆ.)

ಹಾಗಾದರೆ ಸರಿಯಾಗಿ ಬರೆದವರೇ ಇಲ್ಲವೇ? ಇದ್ದಾರೆ. ಕಪ್ಪು ಲೇಖಕಿ ಮಿಲ್ಡ್ರೆಡ್ ಡಿ. ಟೇಲರ್ ಅವರು 1976ರಲ್ಲೇ ಬರೆದಿದ್ದಾರೆ, ಮರುವರ್ಷ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕವೂ ಬಂದಿದೆ. ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ ನಡೆಯುವುದು 1933ರ ಮಿಸಿಸಿಪ್ಪಿಯಲ್ಲಿ. ಮೊದಲ ಅಧ್ಯಾಯದಲ್ಲೇ ಕಪ್ಪು ಮಕ್ಕಳ ಶಾಲೆಗೆ ಪಠ್ಯಪುಸ್ತಕಗಳು ಬರುತ್ತವೆ. ಒಳರಟ್ಟಿನ ಮೇಲೆ ಒಂದು ಕೋಷ್ಟಕ: ಯಾವ ವರ್ಷ ಕೊಟ್ಟಿದ್ದು, ಪುಸ್ತಕದ ಸ್ಥಿತಿ ಹೇಗಿದೆ, ಓದಿದ ಮಗುವಿನ ಜನಾಂಗ ಯಾವುದು. ಬಿಳಿಯ ಮಕ್ಕಳು ವರ್ಷಗಟ್ಟಲೆ ಬಳಸಿ ಸವೆಸಿದ ಮೇಲೆ, ಸ್ಥಿತಿ ತೀರಾ ಕೆಟ್ಟಿದೆ ಎಂದು ನಮೂದಾಗಿರುವ ಸಾಲಿನಲ್ಲಿ, ಕಪ್ಪು ಮಗುವಿನ ಸರದಿ. ಅದನ್ನು ಓದಿದ ಆರು ವರ್ಷದ ಪುಟ್ಟ ಹುಡುಗ ಪುಸ್ತಕವನ್ನು ನೆಲಕ್ಕೆ ಬಿಸಾಡಿ ತುಳಿಯುತ್ತಾನೆ. ಟೇಲರ್ ಅವರು ಗೆಳೆತನದ ಮಾತನ್ನು ನೇರವಾಗಿ ಎತ್ತುವುದು ಇದಾದ ಮೇಲೆ.

ಆ ಕಾದಂಬರಿಯಲ್ಲಿ ಜೆರೆಮಿ ಎಂಬ ಬಿಳಿಯ ಹುಡುಗನಿದ್ದಾನೆ. ಒಳ್ಳೆಯ ಹುಡುಗ. ಕಥೆಯ ಕೇಂದ್ರದಲ್ಲಿರುವ ಕಪ್ಪು ಕುಟುಂಬವಾದ ಲೋಗನ್ ಮನೆಯ ಮಕ್ಕಳ ಜೊತೆ ಶಾಲೆಯ ದಾರಿಯಲ್ಲಿ ನಡೆಯುತ್ತಾನೆ, ಅದಕ್ಕಾಗಿ ಮನೆಯಲ್ಲಿ ಪೆಟ್ಟು ತಿನ್ನುತ್ತಾನೆ. ಕ್ರಿಸ್‌ಮಸ್‌ಗೆ ಆ ಮಕ್ಕಳಲ್ಲಿ ಹಿರಿಯವನಾದ ಸ್ಟೇಸಿಗೆಂದು ತಾನೇ ಕೈಯಾರೆ ಮಾಡಿದ ಮರದ ಕೊಳಲು ತಂದುಕೊಡುತ್ತಾನೆ. ಅಚ್ಚಿನ ಕಥೆಯಾಗಿದ್ದರೆ ಇಲ್ಲಿ ಇಬ್ಬರೂ ಅಪ್ಪಿಕೊಳ್ಳಬೇಕು, ಹಿನ್ನೆಲೆಯಲ್ಲಿ ಕೊಳಲು ನುಡಿಯಬೇಕು. ಆದರೆ ಸ್ಟೇಸಿಯ ತಂದೆ ಮಗನನ್ನು ಕೂರಿಸಿಕೊಂಡು, ಕಪ್ಪು ಮತ್ತು ಬಿಳಿಯರ ನಡುವಿನ ಗೆಳೆತನ ಸಾಮಾನ್ಯವಾಗಿ ಸಮಾನರ ಗೆಳೆತನವಾಗಿರುವುದಿಲ್ಲ, ಕೆಲವೇ ವರ್ಷಗಳಲ್ಲಿ ಜೆರೆಮಿ ತನ್ನನ್ನು ಗಂಡಸು ಎಂದುಕೊಳ್ಳುತ್ತಾನೆ, ಅವನ ಕಣ್ಣಿಗೆ ನೀನು ಮಾತ್ರ ಹುಡುಗನಾಗಿಯೇ ಉಳಿಯುತ್ತೀಯ ಎಂಬರ್ಥದ ಮಾತು ಹೇಳುತ್ತಾನೆ. ತಲೆ ನರೆತ ಕಪ್ಪು ಮನುಷ್ಯನನ್ನೂ ‘ಹುಡುಗಾ’ ಎಂದು ಕೂಗುತ್ತಿದ್ದ ನಾಡು ಅದು. ಸ್ಟೇಸಿ ಕೊಳಲನ್ನು ಬಿಸಾಡುವುದಿಲ್ಲ, ನುಡಿಸುವುದೂ ಇಲ್ಲ, ತೆಗೆದು ಪೆಟ್ಟಿಗೆಯಲ್ಲಿ ಇಡುತ್ತಾನೆ. ಗೆಳೆತನವನ್ನು ಇದಕ್ಕಿಂತ ಗೌರವದಿಂದ ಬರೆದ ಇನ್ನೊಂದು ದೃಶ್ಯವನ್ನು ನನಗೆ ತೋರಿಸಿ.

ಅದೇ ಪುಸ್ತಕದಲ್ಲಿ ಸ್ಟೇಸಿಯ ತಂಗಿ ಕ್ಯಾಸಿ, ತನ್ನನ್ನು ಬೀದಿಯಲ್ಲಿ ಅವಮಾನಿಸಿದ ಜೆರೆಮಿಯ ಅಕ್ಕನ ಜೊತೆ ಗೆಳತಿಯಂತೆ ನಟಿಸಿ, ದಿನವೂ ಅವಳ ಪುಸ್ತಕ ಹೊತ್ತು, ಅವಳ ಗುಟ್ಟುಗಳನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ಕಾಡಿನೊಳಗೆ ಕರೆದೊಯ್ದು ಚೆನ್ನಾಗಿ ಬಾರಿಸುತ್ತಾಳೆ. ಅಷ್ಟು ದಿನವೂ ಆ ಬಿಳಿಯ ಹುಡುಗಿಗೆ ಸಂಶಯವೇ ಬಂದಿರಲಿಲ್ಲ. ಒಬ್ಬಳು ಹೊರುವುದು, ಇನ್ನೊಬ್ಬಳು ಹೊರಿಸುವುದು ಅವಳಿಗೆ ಸಹಜವಾಗಿಯೇ ಕಂಡಿತ್ತು.

ಈಗ ಆಕ್ಷೇಪಣೆಗಳಿಗೆ ಬರೋಣ, ಬೇಗ ಮುಗಿಸಿಬಿಡುತ್ತೇನೆ. ಸ್ನೇಹದಲ್ಲಿ ಲೆಕ್ಕ ಹಾಕಬಾರದು ಎನ್ನುತ್ತಾರೆ. ಲೆಕ್ಕ ಬೇಡ ಎನ್ನುವವನು ಯಾವಾಗಲೂ ಬಾಕಿ ಉಳಿಸಿಕೊಂಡವನೇ ಆಗಿರುತ್ತಾನೆ, ಗಮನಿಸಿ ನೋಡಿ. ಇಂಥ ಕಥೆಗಳಿಂದ ಮನಸ್ಸು ಕರಗುತ್ತದೆ, ಮನಸ್ಸು ಕರಗಿದರೆ ಸಮಾಜ ಬದಲಾಗುತ್ತದೆ ಎನ್ನುತ್ತಾರೆ. 1957ರಲ್ಲಿ ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ, ಅಲ್ಲಿಯವರೆಗೆ ಬಿಳಿಯರಿಗಷ್ಟೇ ಇದ್ದ ಶಾಲೆಯೊಳಗೆ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಕಾಲಿಟ್ಟದ್ದು ಅಲ್ಲಿನ ಬಿಳಿಯ ಮಕ್ಕಳ ಮನಸ್ಸು ಕರಗಿದ್ದರಿಂದಲ್ಲ. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಇಡುವಂತಿಲ್ಲ ಎಂಬ 1954ರ ಸುಪ್ರೀಂ ಕೋರ್ಟ್ ತೀರ್ಪಿತ್ತು, ಅಧ್ಯಕ್ಷ ಐಸೆನ್‌ಹೋವರ್ ಕಳುಹಿಸಿದ ಬಂದೂಕು ಹಿಡಿದ ಸೈನಿಕರು ಎಡಬಲಕ್ಕೆ ಇದ್ದರು. ಗೆಳೆತನವೇ ಬಾಗಿಲು ತೆರೆಯುತ್ತದೆ ಎಂದು ಕಾದಿದ್ದರೆ ಅವರು ಇನ್ನೂ ಗೇಟಿನ ಹೊರಗೇ ನಿಂತಿರಬೇಕಿತ್ತು.

ಕಾಲ ಬದಲಾಗಿದೆ ಎನ್ನುವವರಿಗೆ, 2017ರಲ್ಲಿ ಬಂದ ಆಂಜಿ ಥಾಮಸ್ ಅವರ ‘ದ ಹೇಟ್ ಯು ಗಿವ್’ ಓದಲು ಹೇಳುತ್ತೇನೆ. ಅಲ್ಲಿ ಸ್ಟಾರ್ ಎಂಬ ಕಪ್ಪು ಹುಡುಗಿ ತನ್ನ ಬಿಳಿಯ ಗೆಳತಿ ಹೇಲಿಯನ್ನು ತಿದ್ದುತ್ತಾ ಕೂರುವುದಿಲ್ಲ, ಕೈಬಿಡುತ್ತಾಳೆ. ಹದಿಹರೆಯದ ಓದುಗರಿಗೆ ಇದೆಷ್ಟು ದೊಡ್ಡ ಬಿಡುಗಡೆ! ನಿನ್ನ ಗೆಳತಿಯನ್ನು ಮನುಷ್ಯಳನ್ನಾಗಿ ಮಾಡುವ ಹೊಣೆ ನಿನ್ನದಲ್ಲ ಎಂದು ಆ ವಯಸ್ಸಿನಲ್ಲಿ ಎಷ್ಟು ಪುಸ್ತಕಗಳು ಹೇಳುತ್ತವೆ?

ಇಷ್ಟು ಹೇಳಿದ ಮೇಲೂ ಅದೇ ಕೇಳುಗರು ನಿನ್ನೆ ಮತ್ತೆ ಬರೆದು, ನನಗೆ ಹೃದಯವಿಲ್ಲ ಎಂದಿದ್ದಾರೆ. ಇರಲಿ. ಹೃದಯವಿದ್ದವರು ಉತ್ತರ ಹೇಳಲಿ: ಆ ಕಪ್ಪು ಹುಡುಗನ ಮನೆಯಲ್ಲಿ ಯಾರಿದ್ದಾರೆ? ಬಿಳಿಯ ಹುಡುಗ ಪಕ್ಕದಲ್ಲಿ ಇಲ್ಲದಾಗ ಅವನು ಯಾರ ಜೊತೆ ನಗುತ್ತಾನೆ? ಅವನಿಗೆ ಬೇರೆ ಗೆಳೆಯರೇ ಇಲ್ಲವೇ? ಇನ್ನೂರು ಪುಟ ಓದಿದವರಿಗೆ ಇಷ್ಟೂ ಗೊತ್ತಿಲ್ಲವೆಂದರೆ ಅದನ್ನು ಗೆಳೆತನದ ಕಾದಂಬರಿ ಎಂದು ಹೇಗೆ ಕರೆಯಲಿ? ಇನ್ನೊಬ್ಬನಿಗೆ ಸಿಕ್ಕಿದ್ದೇನು, ಸಿಕ್ಕಿದ್ದೇನು ಎಂದು ಇನ್ನು ನೂರು ಸಂಚಿಕೆಯಲ್ಲಿ ಬೇಕಾದರೂ ಕೇಳುತ್ತೇನೆ. ನನ್ನ ಸಂಕಲನಕಾರರು ಆಗಲೇ ಗಡಿಯಾರ ತೋರಿಸುತ್ತಿದ್ದಾರೆ.

ಅಂದಹಾಗೆ, ಆ ಕೇಳುಗರು ನನ್ನನ್ನು ತಿದ್ದಲೆಂದು ಒಂದು ಕಾದಂಬರಿಯ ಹೆಸರನ್ನೂ ಸೂಚಿಸಿದ್ದಾರೆ. ತರಿಸಿಕೊಂಡು ಮೂವತ್ತು ಪುಟ ಓದಿದ್ದೇನೆ. ಬಿಳಿಯ ಹುಡುಗನಿಗೆ ಅಪ್ಪ, ಅಮ್ಮ, ತಂಗಿ, ಸೈಕಲ್ಲು, ಬೆಕ್ಕು ಎಲ್ಲವೂ ಬಂದಾಯಿತು. ಕಪ್ಪು ಹುಡುಗ ಎರಡು ಸಲ ಮುಗುಳ್ನಕ್ಕಿದ್ದಾನೆ. ಉಳಿದದ್ದನ್ನು ಓದಿ ಮುಗಿಸಿದ ಮೇಲೆ ಮುಂದಿನ ಸಂಚಿಕೆಯಲ್ಲಿ ಸಿಗುತ್ತೇನೆ.