ಮಧ್ಯಾಹ್ನ ಏರುವ ವೋಲ್ಟೇಜು

ಕೇಳುಗರೇ, ನಮಸ್ಕಾರ.

ಬೇಸಿಗೆಯ ಸಂಜೆ ವೋಲ್ಟೇಜು ಸಾಲದೆ ಟ್ಯೂಬ್‌ಲೈಟು ಮಿಣುಕುತ್ತಲೇ ಇರುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯವರಿಗೆ ಆ ಕಾಲ ನೆನಪಿರಬಹುದು, ಅಲ್ವಾ? ಈಗ ಮಾಡಿನ ಮೇಲೆ ಸೋಲಾರ್ ಹಾಕಿಸಿದವರ ದೂರೇ ಬೇರೆ. ವೋಲ್ಟೇಜು ಜಾಸ್ತಿಯಾಯಿತು ಅಂತ!

ಒಂದು ಮಾರ್ಚ್ ತಿಂಗಳ ಮಧ್ಯಾಹ್ನ ನಮ್ಮ ಮನೆಯ ಇನ್ವರ್ಟರ್, ಅಂದರೆ ಸೋಲಾರ್ ಕರೆಂಟನ್ನು ಲೈನಿಗೆ ಹೊಂದುವಂತೆ ಮಾಡಿ ಕೊಡುವ ಪೆಟ್ಟಿಗೆಯ ಮುಂದೆ ನಿಂತಿದ್ದೆ. ಸುಡು ಬಿಸಿಲು. ಪರದೆಯಲ್ಲಿ 249, 251, 252. ಅಂಕಿ 254 ಆದದ್ದೇ ತಡ, ಟಕ್ ಎಂದಿತು. ಉತ್ಪಾದನೆ ಸೊನ್ನೆ. ಕೆಟ್ಟೇ ಹೋಯಿತೆಂದು ಗಾಬರಿಯಾದೆ. ಏನೂ ಕೆಟ್ಟಿರಲಿಲ್ಲ. ಮನೆಗೆ ಬರಬೇಕಾದ 230 ವೋಲ್ಟಿನ ಮೇಲೆ ಶೇಕಡಾ 10 ಸೇರಿದರೆ 253. ಅದನ್ನು ದಾಟಿದರೆ ಇನ್ವರ್ಟರ್ ಲೈನಿನಿಂದ ಕಳಚಿಕೊಳ್ಳಬೇಕು, ನಿಯಮವೇ ಹಾಗೆ.

ಯಾಕೆ ಏರುತ್ತದೆ? ತೋಟದ ಪೈಪು ನೋಡಿ. ಪಂಪಿನ ಹತ್ತಿರ ಒತ್ತಡ ಜಾಸ್ತಿ, ತುದಿಯಲ್ಲಿ ಕಡಿಮೆ. ಮೊದಲು ಟ್ರಾನ್ಸ್‌ಫಾರ್ಮರ್ ಪಂಪಿನ ಜಾಗದಲ್ಲಿತ್ತು, ನಾವು ತುದಿಯಲ್ಲಿದ್ದೆವು. ಮಧ್ಯಾಹ್ನ ನಮ್ಮ ಮಾಡೇ ಪಂಪು. ಲೈನು ಉದ್ದವಾಗಿ ತಂತಿ ಸಪೂರವಾದಷ್ಟೂ ತುದಿಮನೆಯಲ್ಲಿ ವೋಲ್ಟೇಜು ಏರುತ್ತದೆ. ಅದರ ಮೇಲೆ, ನಮ್ಮ ಊರುಗಳ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು 433ಕ್ಕೆ ಇಳಿಸುವಂಥದು. ಆ 433 ಎರಡು ಫೇಸುಗಳ ನಡುವಿನದು, ಮನೆಗೆ ಬರುವ ಒಂದು ಫೇಸಿಗೆ ಲೆಕ್ಕ ಹಾಕಿದರೆ 250. ಲೋಡ್ ಇಲ್ಲದ ಹೊತ್ತಿನಲ್ಲಿ 253ರ ಮಿತಿಗೆ ಉಳಿಯುವುದು ಮೂರೇ ವೋಲ್ಟು!

ಪೈವಳಿಕೆ, ಮೀಂಜ, ಚಿಪ್ಪಾರಿನ 50 ಮೆಗಾವಾಟ್ ಸೋಲಾರ್ ಯೋಜನೆಯ ಕರೆಂಟು ದೊಡ್ಡ ಲೈನಿಗೇ ಹೋಗುತ್ತದೆ. ದೊಡ್ಡ ಲೈನಿಗೂ ಈ ಕಾಟ ತಪ್ಪಿದ್ದಲ್ಲ. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನಿನಲ್ಲಿ ಏರಿದ ವೋಲ್ಟೇಜಿಗೆ ಒಂದರ ಹಿಂದೆ ಒಂದು ವಿದ್ಯುತ್ ಘಟಕ ಕಳಚಿ, ಸ್ಪೇನ್, ಪೋರ್ಚುಗಲ್ ಎರಡೂ ದೇಶಗಳಲ್ಲಿ ಕರೆಂಟು ಹೋಯಿತು. ವೋಲ್ಟೇಜನ್ನು ಹಿಡಿದಿಡುವ ಏರ್ಪಾಡು ಅಲ್ಲಿ ಸಾಲಲಿಲ್ಲ.

ನಮ್ಮ ಕೈಯಲ್ಲೇ ಇರುವ ಉಪಾಯವೊಂದಿದೆ. ಆ ದಿನ ಸುಮ್ನೆ ಬಾವಿಯ ಪಂಪು ಹಾಕಿದೆ. 246ಕ್ಕೆ ಇಳಿಯಿತು, ಸ್ವಲ್ಪ ಹೊತ್ತಿನಲ್ಲಿ ಇನ್ವರ್ಟರ್ ತಾನೇ ಶುರುವಾಯಿತು. ಅಂದಿನಿಂದ ಟ್ಯಾಂಕಿಗೆ ನೀರೆತ್ತುವುದು, ಬಟ್ಟೆ ಒಗೆಯುವುದು ಎಲ್ಲ ಮಧ್ಯಾಹ್ನವೇ.

ಅದಕ್ಕೂ ಬಗ್ಗದಿದ್ದರೆ ವಿದ್ಯುತ್ ಕಚೇರಿಗೆ ಹೋಗಿ. ಸೋಲಾರ್ ಮನೆಗಳೆಲ್ಲ ಒಂದೇ ಫೇಸಿನಲ್ಲಿದ್ದರೆ ಹಂಚಿಹಾಕಲು ಹೇಳಿ. ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜು ಹೊಂದಿಸುವ ಟ್ಯಾಪನ್ನು ಒಂದು ಮೆಟ್ಟಿಲು ಇಳಿಸಬಹುದು. ಆದರೆ ಸಂಜೆಯ ವೋಲ್ಟೇಜೂ ಅಷ್ಟೇ ಇಳಿಯುತ್ತದೆ, ಅಳೆದು ನೋಡಿಯೇ ಮಾಡಬೇಕು. ಇನ್ವರ್ಟರಿನಲ್ಲಿ ವೋಲ್ಟೇಜು ಏರಿದಂತೆ ಉತ್ಪಾದನೆ ತಗ್ಗಿಸುವ ಸೆಟ್ಟಿಂಗ್ ಇದ್ದರೆ ಹಾಕಿಸಿಕೊಳ್ಳಿ. ಪೂರ್ತಿ ನಿಲ್ಲುವುದಕ್ಕಿಂತ ಅದು ಮೇಲು.

ಒಂದು ಮಾತ್ರ ಬೇಡ. 253ರ ಮಿತಿಯನ್ನೇ ಏರಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಿಮ್ಮ ಇನ್ವರ್ಟರ್ ಓಡೀತು, ಪೆಟ್ಟು ಬೀಳುವುದು ಅದೇ ಲೈನಿನ ಪಕ್ಕದ ಮನೆಯ ಫ್ರಿಜ್ಜಿಗೆ.